ನಲವತ್ತು ಗಜದ ನರ್ತಕಿ

ಮೊದಲಿಗೆ ಓದುಗರಲ್ಲಿ ಒಂದು ವಿಜ್ಞಾಪನೆ. ನಾನು ಲೇಖಕಿಯಲ್ಲ. ನಮ್ಮ ಮನೆತನದಲ್ಲಿ ಪದವಿ ಪರೀಕ್ಷೆಗೆ ಕುಳಿತು ತೇರ್ಗಡೆಯಾದವರಲ್ಲಿ ಮೊದಲನೆಯವಳು, ಅಷ್ಟೆ. ಆ ಒಂದು ಅಪರಾಧಕ್ಕಾಗಿ ಮದುವೆಯ ಕರೆಯೋಲೆಯಿಂದ ಹಿಡಿದು ತಾಲ್ಲೂಕು ಕಚೇರಿಯ ಅರ್ಜಿಯವರೆಗೆ ಮನೆಯ ಬರವಣಿಗೆಯೆಲ್ಲ ನನ್ನ ಪಾಲಿಗೆ ಬಂದಿದೆ. ಅರ್ಜಿ ಬರೆದು ಪಳಗಿದ ಕೈಯಿಂದ ಲಲಿತವಾದುದು ಹೇಗೆ ಹೊರಟೀತು? ನಗಬೇಕಾದ ಕಡೆ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂಬ ಧಾಟಿ ಇಣುಕಿದರೆ, ಹೇಳಬೇಕಾದ ಕ್ರಮ ಎಲ್ಲಾದರೂ ತಪ್ಪಿದರೆ, ತಿಳಿದವರು ತಿದ್ದಿಕೊಂಡು ಓದಬೇಕಾಗಿ ಕೋರುತ್ತೇನೆ.

ಇನ್ನು ಮೇಲ್ಕಂಡ ವಿಷಯಕ್ಕೆ ಬರುತ್ತೇನೆ. ನನ್ನ ಸೋದರಮಾವ ತಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ, ಕಟ್ಟಿಕೊಂಡ ಹೆಂಡತಿ ಇರುವಾಗಲೇ, ಒಬ್ಬ ನರ್ತಕಿಯ ಹಿಂದೆ ಬಿದ್ದರು!

ಗಾಬರಿಯಾಗಬೇಡಿ. ಆಕೆ ಬದುಕಿದ್ದಿದ್ದರೆ ಆ ಹೊತ್ತಿಗೆ ನೂರಿಪ್ಪತ್ತು ವರ್ಷವಾಗಿರುತ್ತಿತ್ತು. ಆಕೆ ಇದ್ದದ್ದು ಪ್ಯಾರಿಸ್ಸಿನ ಕಡೆ; ಮಾವ ಇದ್ದದ್ದು ಮೊಳಕಾಲ್ಮೂರಿನ ಕಡೆ. ಇಬ್ಬರೂ ಮುಖಾಮುಖಿಯಾದದ್ದು ಚಳ್ಳಕೆರೆಯಲ್ಲಿ, ಅದೂ ಒಂದು ಸಲಕ್ಕೆ ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತು. ಇಂಥ ಪ್ರಣಯದಿಂದ ಯಾರಿಗೆ ತಾನೇ ತೊಂದರೆ ಎಂದು ನೀವು ಕೇಳಬಹುದು. ನಮ್ಮವ್ವನನ್ನು ಕೇಳಿದ್ದರೆ ತಿಳಿಯುತ್ತಿತ್ತು!

ಮಾವ ರೇಷ್ಮೆ ಸೀರೆಯ ನೇಕಾರರು. ಲೋಕದಲ್ಲಿ ಬಟ್ಟೆಯನ್ನು ಬಿಟ್ಟು ಬೇರೆ ಪದಾರ್ಥಗಳೂ ಇವೆ ಎಂಬುದನ್ನು ಅವರು ಮನಸಾರೆ ಒಪ್ಪಿದ್ದನ್ನು ನಾನು ಕಂಡಿಲ್ಲ. ಹೆಣ್ಣು ನೋಡುವ ಶಾಸ್ತ್ರಕ್ಕೆ ಅವರನ್ನು ಕರೆದುಕೊಂಡು ಹೋಗಿ, ಹಿಂದಿರುಗುವಾಗ "ಹುಡುಗಿ ಹೆಂಗವ್ಳೆ?" ಎಂದು ಕೇಳಿದರೆ, "ಬಣ್ಣ ಪರವಾಗಿಲ್ಲ, ಆದ್ರೆ ಜರಿ ಸುಳ್ಳು" ಎಂದು ಹೇಳಿದವರು. ಟೆಂಟಿನಲ್ಲಿ ಸಿನಿಮಾ ನೋಡುವಾಗ ನಾಯಕಿ ಹೊಳೆಗೆ ಹಾರಿದಳು. ಸುತ್ತ ಕುಳಿತ ಹೆಂಗಸರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರು. ಮಾವನೂ ಹೆಗಲ ಟವಲನ್ನು ಕಣ್ಣಿಗೊತ್ತಿಕೊಂಡರು. "ಅಯ್ಯೋ, ಅಷ್ಟು ಒಳ್ಳೆ ಸೀರೇನ ನೀರಿಗೆ ಹಾಕ್ಬಿಟ್ರಲ್ಲೇ!" ಎಂದರು.

ಒಮ್ಮೆ ಚಳ್ಳಕೆರೆಯ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸಿನ ಸೆರಗು ಹಾರಿ ಇವರ ಮಂಡಿಯ ಮೇಲೆ ಬಿತ್ತು. ಇವರು ತಮಗರಿವಿಲ್ಲದೆಯೇ ಅದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತೀಡಿ ನೋಡಿದರು. ಆಕೆ ತಿರುಗಿ ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡಳು. ನಾನು ಪಕ್ಕದಲ್ಲಿದ್ದೆ, ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮಾವ ಕೈಮುಗಿದು ಹೇಳಿದರು: "ತಾಯಿ, ಆ ಚಪ್ಲೀನ ಹಂಗೇ ಇಟ್ಕಳಿ. ಇದನ್ನ ರೇಷ್ಮೆ ಅಂತ ಹೇಳಿ ನಿಮಗೆ ಕೊಟ್ಟನಲ್ಲ, ಅವನ ಅಂಗಡೀಗೆ ಹೋಗಿ ಎತ್ರಿ." ಆ ಹೆಂಗಸು ಮುಂದಿನ ನಿಲ್ದಾಣದಲ್ಲಿ ಇಳಿದೇಬಿಟ್ಟಳು. ಅಂಗಡಿಯವನ ಗತಿ ಏನಾಯಿತೋ ತಿಳಿಯದು.

ಇಂಥ ಮಾವನನ್ನು ಇಪ್ಪತ್ತೆರಡು ವರ್ಷ ಬಾಳಿಸಿದವರು ನನ್ನ ಅತ್ತೆ. ನಮ್ಮದು ಕೊಟ್ಟು ತಂದ ಸಂಬಂಧ: ಮಾವನ ಅಕ್ಕ ನಮ್ಮವ್ವ, ಅಪ್ಪನ ತಂಗಿ ಆ ಅತ್ತೆ. ಅಪ್ಪ ಮಗ್ಗ ಬಿಟ್ಟು ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲಿಗೆ ಸೇರಿದರು. ಮಾವ ಮಗ್ಗ ಬಿಡಲಿಲ್ಲ. ಅವರು ನೇಯುತ್ತಿದ್ದುದು ಮೂರು ಲಾಳಿಯ ಸೀರೆ. ಒಡಲಿಗೆ ಒಂದು ಬಣ್ಣ, ಎರಡೂ ಅಂಚಿಗೆ ಇನ್ನೊಂದು ಬಣ್ಣ. ಒಡಲಿನ ಎಳೆಗೂ ಅಂಚಿನ ಎಳೆಗೂ ಸೇರುವೆಯಲ್ಲಿ ಕೊಂಡಿ ಹಾಕಬೇಕು. ಅದು ಒಬ್ಬರಿಂದ ಆಗುವ ಕೆಲಸವಲ್ಲ. ನೇಕಾರ ಎರಡು ಲಾಳಿ ಆಡಿಸಿದರೆ, ಬಲಗಡೆ ಕುಳಿತವರು ಅಂಚಿನ ಲಾಳಿಯನ್ನು ಎಸೆಯಬೇಕು. ಬಲಗಡೆ ಕುಳಿತವರು ಅತ್ತೆ. ಇಪ್ಪತ್ತೆರಡು ವರ್ಷ ಇಬ್ಬರೂ ಮಾತಿಲ್ಲದೆ, ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುವಂತೆ ಕುಳಿತು, ಯಾರ್ಯಾರದೋ ಮದುವೆಗೆ ಅಂಚು ಕೂಡಿಸಿದರು.

ಒಂದು ಚಳಿಗಾಲ ಅತ್ತೆಯ ಬಲಹೆಗಲು ಹಿಡಿದುಕೊಂಡಿತು. ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳದು, ಪಕ್ಕಕ್ಕೆ ಚಾಚದು. ತಲೆ ಬಾಚಿಕೊಳ್ಳಲೂ ಇನ್ನೊಬ್ಬರು ಬೇಕು. ಡಾಕ್ಟರು "ಕೈಯನ್ನು ಆಡಿಸುತ್ತಿರಬೇಕಮ್ಮ" ಎಂದರು. ಅತ್ತೆ, "ಇಪ್ಪತ್ತೆರಡು ವರ್ಷ ಆಡ್ಸಿದ್ದು ಸಾಲ್ದೇನ್ರಿ?" ಎಂದು ಕೇಳಿ ಎದ್ದು ಬಂದರು. ಮಗ್ಗದಲ್ಲಿ ಅರ್ಧ ನೇಯ್ದ ಸೀರೆ ಹಾಗೆಯೇ ನಿಂತಿತು. ಅತ್ತೆ ಎಂಟು ದಿನ ಇದ್ದು ಬರುತ್ತೇನೆಂದು ಹೇಳಿ ಚಳ್ಳಕೆರೆಗೆ, ನಮ್ಮ ಮನೆಗೆ, ಬಂದರು. ನಾಲ್ಕು ತಿಂಗಳಾದರೂ ಹಿಂದಿರುಗುವ ಮಾತಿಲ್ಲ.

ಮಾವ ಪ್ರತಿ ಸೋಮವಾರ ಬರುತ್ತಿದ್ದರು. ಸೋಮವಾರ ಚಳ್ಳಕೆರೆಯಲ್ಲಿ ಏನು ವಿಶೇಷವೆಂದು ಕೇಳಬೇಡಿ, ಏನೂ ಇಲ್ಲ. ಬಂದು ಜಗುಲಿಯ ಮೇಲೆ ಕುಳಿತು, ಒಳಗಿನ ಕಡೆ ನೋಡದೆ, ಕಂಬಕ್ಕೆ ಹೇಳುವಂತೆ ಹೇಳುತ್ತಿದ್ದರು.

"ಹೋಗಾಣ ನಡಿಯೇ."

"ಬಂದು ಏನ್ ಮಾಡ್ಲಿ? ಮಗ್ಗದ ಪಕ್ಕ ಗೂಟ ಹೊಡ್ದಂಗೆ ಕುಂತಿರ್ಲಾ?" ಎಂದು ಒಳಗಿನಿಂದ ಅತ್ತೆ.

"ಕುಂತಿರು. ಯಾರು ಬ್ಯಾಡ ಅಂದ್ರು?"

"ಕುಂತ್ಕಂಡು ಉಣ್ಣಾಕೆ ಅಣ್ಣನ ಮನೆಯಾದ್ರೇನು, ನಿಮ್ಮನೆಯಾದ್ರೇನು? ಇಲ್ಲಿ ಆದ್ರೆ ಮಗ್ಗದ ಸದ್ದು ಕಿವಿಗೆ ಬೀಳಾಕಿಲ್ಲ."

ಅಲ್ಲಿಗೆ ಮಾವ, ಅವ್ವ ತಂದುಕೊಟ್ಟ ಚಹಾ ಕುಡಿದು, ಅಲ್ಲಿದ್ದ ಯಾವುದಾದರೂ ಟವಲಿನ ಎಳೆ ಎಣಿಸಿ, ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದರು.

ಅಂಥ ಒಂದು ಸೋಮವಾರ ನಮ್ಮ ಕಾಲೇಜಿನಲ್ಲಿ ಚಲನಚಿತ್ರ ಪ್ರದರ್ಶನವಿತ್ತು. ಸಿನಿಮಾ ಹುಟ್ಟಿ ನೂರು ವರ್ಷ ತುಂಬಿತೆಂದು ಇತಿಹಾಸದ ಮೇಷ್ಟ್ರು ಎಲ್ಲಿಂದಲೋ ಒಂದು ಪ್ರೊಜೆಕ್ಟರನ್ನೂ ಕೆಲವು ಹಳೆಯ ರೀಲುಗಳನ್ನೂ ಸಂಪಾದಿಸಿ ತಂದಿದ್ದರು. ನಾನು ಅಂತಿಮ ವರ್ಷದ ವಿದ್ಯಾರ್ಥಿನಿ; ಸ್ವಾಗತ ಭಾಷಣ ನನ್ನದು. ಆ ದಿನ ಅತ್ತೆಯ ಉತ್ತರ ಎಂದಿಗಿಂತ ಬಿರುಸಾಗಿತ್ತೋ ಏನೋ, ಮಾವ ಚಪ್ಪಲಿ ಮೆಟ್ಟಿಕೊಂಡು ನನ್ನ ಹಿಂದೆ ಹೊರಟರು. "ಪಾಪ, ನಾನೂ ಬರ್ತೀನಿ. ಹೊತ್ತು ಹೋಗ್ಬೇಕಲ್ಲ" ಎಂದರು. ಅವರಿಗೆ ನಾನು ಇನ್ನೂ 'ಪಾಪ', ಅಂದರೆ ಕೂಸು. ಬೇಡವೆನ್ನಲಾದೀತೇ?

ಸಭಾಂಗಣದ ಕಿಟಕಿಗಳಿಗೆ ಶೇಂಗಾ ಚೀಲ ಕಟ್ಟಿ ಕತ್ತಲೆ ಮಾಡಿದ್ದೆವು. ಚೀಲದ ಸಂದಿಗಳಿಂದ ಬಿಸಿಲು ಸೂಜಿಮೊನೆಯಷ್ಟಷ್ಟೇ ಬಂದು ಧೂಳಿನಲ್ಲಿ ನಿಂತಿತ್ತು. ಪ್ರೊಜೆಕ್ಟರು ಕಟಕಟ ಸದ್ದು ಮಾಡಿತು. ಒಂದು ರೈಲು ಬಂತು, ಹೋಯಿತು. ಒಂದಷ್ಟು ಜನ ಯಾವುದೋ ಗೇಟಿನಿಂದ ಹೊರಬಂದರು. ಹುಡುಗರು ಆಕಳಿಸಿದರು. ಆಮೇಲೆ ಆಕೆ ಬಂದಳು.

ಆ ಬಿಳಿಯ ಚೌಕದಲ್ಲಿ ಮೊದಲು ಕಂಡದ್ದು ಒಬ್ಬ ಹೆಂಗಸಲ್ಲ. ಒಂದು ಬಟ್ಟೆಯ ರಾಶಿ. ಅದು ಮೆಲ್ಲಗೆ ಉಸಿರೆಳೆದುಕೊಂಡಂತೆ ತುಂಬಿಕೊಂಡಿತು, ಎದ್ದಿತು, ಹರಡಿತು. ಹೂವಾಯಿತು. ಹೂವು ತಿರುಗಿ ಶಂಖವಾಯಿತು, ಶಂಖ ಬಿಚ್ಚಿ ಉರಿಯಾಯಿತು. ಕೇಸರಿಯಿದ್ದದ್ದು ಹಸಿರಿಗೆ, ಹಸಿರು ನೀಲಿಗೆ ಹರಿಯಿತು. ರೀಲಿನ ಗೀರುಗಳು ತುಂತುರು ಮಳೆಯಂತೆ ಅದರ ಮೇಲೆ ಬೀಳುತ್ತಿದ್ದವು. ನಡುವೆ ಎಲ್ಲೋ ಒಂದು ಪುಟ್ಟ ಮುಖ ಕಂಡಂತಾಗಿ ಮತ್ತೆ ಅಲೆಯಲ್ಲಿ ಮುಳುಗುತ್ತಿತ್ತು. ಚಳ್ಳಕೆರೆಯ ಆ ಉರಿಬಿಸಿಲಿನ ಮಧ್ಯಾಹ್ನ ನಮಗೆಲ್ಲ ಯಾರದೋ ನಿದ್ದೆಯೊಳಗೆ ಹೊಕ್ಕಂತಾಯಿತು. ಹುಡುಗರ ಆಕಳಿಕೆ ಸಹ ನಿಂತಿತು.

"ನಿಲ್ಲಿಸ್ರಿ! ಸ್ವಾಮೀ, ನಿಲ್ಲಿಸ್ರಿ!"

ಹೌದು, ಮಾವ. ಬೆಂಚಿನ ಮೇಲೆ ಹತ್ತಿ ನಿಂತಿದ್ದರು.

"ನಿಲ್ಲಿಸಿದರೆ ದೀಪದ ಶಾಖಕ್ಕೆ ರೀಲು ಸುಟ್ಟುಹೋಗುತ್ತದೆ" ಎಂದರು ಮೇಷ್ಟ್ರು.

"ಹಂಗಾರೆ ಮೊದ್ಲಿಂದ ಹಾಕ್ರಿ."

ಏಳು ಬಾರಿ ಹಾಕಿಸಿದರು! ಮೂರನೆಯ ಬಾರಿಗೆ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು, ಐದನೆಯ ಬಾರಿಗೆ ಒಬ್ಬೊಬ್ಬರೇ ಎದ್ದರು, ಏಳನೆಯ ಬಾರಿ ಉಳಿದವರು ಮಾವ, ಮೇಷ್ಟ್ರು, ನಾನು ಮತ್ತು ವಂದನಾರ್ಪಣೆಯ ಚೀಟಿ ಕೈಯಲ್ಲಿ ಹಿಡಿದ ಒಬ್ಬ ಹುಡುಗ. ಮೇಷ್ಟ್ರ ಕಣ್ಣಲ್ಲಿ ನೀರಾಡುತ್ತಿತ್ತು. ಅವರ ಪಾಠವನ್ನು ಎರಡನೆಯ ಬಾರಿ ಕೇಳಿದವರೇ ಆವರೆಗೆ ಇರಲಿಲ್ಲ. "ನಿಮ್ಮ ಮಾವನವರಿಗೆ ಎಂಥ ಕಲಾಭಿರುಚಿ!" ಎಂದು ನನ್ನ ಕಿವಿಯಲ್ಲಿ ಹೇಳಿ, ಮಾವನ ಕೈ ಹಿಡಿದುಕೊಂಡು, "ಹೇಳಿ, ಏನನ್ನಿಸಿತು?" ಎಂದು ಕೇಳಿದರು.

"ಸ್ವಾಮಿ, ಇದ್ರ ಅಂಚು ಎಲ್ಲೈತೆ?" ಎಂದರು ಮಾವ.

ಮೇಷ್ಟ್ರು ಸಜ್ಜನರು. ಕುರ್ಚಿ ಎಳೆದು ಕುಳಿತು ವಿವರಿಸಿದರು. ಆ ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ಇಂಥ ನರ್ತಕಿಯರು ಅನೇಕರಿದ್ದರಂತೆ. ಒಬ್ಬಾಕೆ ಈ ಬಟ್ಟೆಯ ಕುಣಿತವನ್ನು ಕಂಡುಹಿಡಿದಳು, ಉಳಿದವರು ಆಕೆಯನ್ನು ನೋಡಿ ಕಲಿತರು. ಚಿತ್ರಕಾರರು ಅವರನ್ನು ಬರೆದದ್ದೇ ಬರೆದದ್ದು. ಗೋಡೆಗೆ ಅಂಟಿಸುವ ಚಿತ್ರಗಳಲ್ಲಿ ಅವರೇ, ಗಾಜಿನಲ್ಲಿ ಅವರೇ, ಕಂಚಿನ ದೀಪದಲ್ಲಿ ಸಹ ಅವರೇ. ಮೇಷ್ಟ್ರು ಒಂದು ದಪ್ಪ ಪುಸ್ತಕ ಬಿಚ್ಚಿ ಆ ದೀಪದ ಚಿತ್ರ ತೋರಿಸಿದರು. ನರ್ತಕಿಯ ಸೆರಗು ತಲೆಯ ಮೇಲೆ ಸುಳಿಯಾಗಿ ಎದ್ದಿತ್ತು, ಬಲ್ಬು ಅದರೊಳಗೆ.

"ಸೆರಗಿನಾಗೆ ದೀಪ ಇಟ್ಟವ್ರಲ್ಲ, ಬೆಂಕಿ ಹತ್ತಾಕಿಲ್ವಾ?" ಎಂದು ಮಾವ ಆತಂಕಪಟ್ಟರು. ಆಮೇಲೆ ಕೇಳಿದರು: "ಕಪ್ಪು-ಬಿಳುಪಿನ ಕಾಲದಾಗೆ ಈ ಬಣ್ಣ ಹೆಂಗೆ ಬಂತು?"

ಮೇಷ್ಟ್ರು ಹೇಳಿದರು. ಹೆಂಗಸರು ಸಾಲಾಗಿ ಕುಳಿತು, ಕುಂಚದಿಂದ, ರೀಲಿನ ಒಂದೊಂದು ಚೌಕಕ್ಕೂ ಕೈಯಲ್ಲೇ ಬಣ್ಣ ಹಚ್ಚುತ್ತಿದ್ದರಂತೆ. ಒಂದು ಚೌಕ ಉಗುರಿನಷ್ಟು. ಅಂಥವು ನೂರಾರು.

ಮಾವ ತಮ್ಮ ಹೆಬ್ಬೆರಳಿನ ಉಗುರನ್ನು ತಿರುಗಿಸಿ ನೋಡಿಕೊಂಡರು. "ಅವ್ರ ಹೆಸ್ರು ಬರ್ದಿಟ್ಟವ್ರಾ?"

"ಇಲ್ಲ. ಬಹುಪಾಲು ತಿಳಿದಿಲ್ಲ."

"ಬರ್ಯಾಕಿಲ್ಲ ಬಿಡ್ರಿ. ನಮ್ಮ ಸೀರೆ ಮ್ಯಾಲೂ ಅಂಗಡಿ ಹೆಸ್ರೇ ಇರಾದು."

ಅಲ್ಲಿಂದ ಅವರು ನೇರವಾಗಿ ಹೋದದ್ದು ಬಸ್ ನಿಲ್ದಾಣದ ಬಳಿಯ ಟೇಲರ್ ಸಾಹೇಬರ ಅಂಗಡಿಗೆ. ಮೇಷ್ಟ್ರ ಪುಸ್ತಕ ಅವರ ಕಂಕುಳಲ್ಲಿತ್ತು. ಎರವಲು ಪಡೆದುದಕ್ಕೆ ಜಾಮೀನು ನಾನು. ಸಾಹೇಬರು ಕನ್ನಡಕ ಏರಿಸಿಕೊಂಡು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ನಲ್ವತ್ತು ಗಜ ಬೇಕಾಗ್ತದೆ, ಭಾಯ್. ಸುತ್ತಳತೆ ಜಾಸ್ತಿ ಐತೆ. ನಾಪ್ ತಗೋಬೇಕಲ್ಲ, ಆಯಮ್ಮನ್ನ ಕರ್ಕೊಂಡ್ ಬರ್ರಿ."

"ಆಯಮ್ಮ ಸತ್ತು ಬಾಳ ವರ್ಷ ಆತು, ಸಾಹೇಬ್ರೇ."

ಸಾಹೇಬರು ಒಂದು ಕ್ಷಣ ಅಳತೆಯ ಟೇಪನ್ನು ಎದೆಗೊತ್ತಿ ಹಿಡಿದರು. "ಯಾ ಅಲ್ಲಾ! ಹಂಗಾದ್ರೆ ಅರ್ಜೆಂಟಿಲ್ಲ ಬಿಡ್ರಿ" ಎಂದರು.

ಸಂಜೆ ಮಾವ ಮೊಳಕಾಲ್ಮೂರಿನ ಬಸ್ಸು ಹತ್ತಿದರು. ಹೆಂಡತಿಯನ್ನು ಕರೆಯುವುದನ್ನೇ ಮರೆತಿದ್ದರು! ಅತ್ತೆ ಎಡಗೈಯಲ್ಲಿ ಶೇಂಗಾ ಸುಲಿಯುತ್ತಾ ಕುಳಿತಿದ್ದರು. ಬಾಯಿ ಬಿಟ್ಟವಳು ಅವ್ವ.

"ಹೆಂಡ್ತಿ ಕೈ ಬಿದ್ದೈತೆ, ಇವನು ಕುಣಿಯೋಳ ಲಂಗ ಅಳಿಯಾಕೆ ಹೋಗವ್ನೆ! ಇವನು ನನ್ನ ಒಡಹುಟ್ಟಿದೋನು ಅಂತ ಹೇಳ್ಕಳಾಕೂ ನಾಚ್ಕೆ ಆಗ್ತೈತೆ. ಇನ್ನು ಸೋಮ್ವಾರ ಬರ್ಲಿ, ಬಾಗ್ಲಾಗೆ ನಿಲ್ಲಿಸ್ತೀನಿ."

ಸೋಮವಾರ ಮಾವ ಬರಲಿಲ್ಲ. ಮುಂದಿನ ಸೋಮವಾರವೂ ಬರಲಿಲ್ಲ. ಈಗ ಮನೆಯಲ್ಲಿ ನಿಜವಾದ ಕಳವಳ ಶುರುವಾಯಿತು. ಕರೆಯುವವರು ಬರುತ್ತಿದ್ದಷ್ಟು ದಿನ ಹೋಗುವುದಿಲ್ಲವೆಂದು ಹೇಳಲು ಒಂದು ದಾರಿಯಿರುತ್ತದೆ. ಕರೆಯುವವರೇ ಬರದಿದ್ದರೆ? ಅಪ್ಪ ಮಿಲ್ಲಿನಿಂದ ಬಂದವರು ತಂಗಿಯ ಮುಖವನ್ನು ನೋಡಿ ನೋಡದಂತೆ ಊಟಕ್ಕೆ ಕೂರುತ್ತಿದ್ದರು. ಅತ್ತೆಗೆ ತಲೆ ಬಾಚುವಾಗ ನನಗೆ ಗೊತ್ತಾಗುತ್ತಿತ್ತು: ಹೊರಗೆ ಯಾವ ಬಸ್ಸು ಹಾರ್ನ್ ಮಾಡಿದರೂ ಅವರ ಕುತ್ತಿಗೆ ಒಂದಿಷ್ಟು ತಿರುಗುತ್ತಿತ್ತು.

ಎರಡು ತಿಂಗಳ ಮೇಲೆ ಸುದ್ದಿ ಬಂತು. ತಂದವರು ಮೊಳಕಾಲ್ಮೂರಿನಲ್ಲಿ ಮಾವನ ಪಕ್ಕದ ಮನೆಯ ಅಜ್ಜಿ. ತೆಲುಗು ಕನ್ನಡ ಕಲಸಿ ಮಾತಾಡುವವರು. ಆ ದಿನ ನಗು ಬೇರೆ ಕಲಸಿತ್ತು.

"ಅಯ್ಯೋ ದೇವುಡಾ! ಏನ್ ಹೇಳ್ಲಿ ನಿಮಗೆ! ಆಯಪ್ಪ ಮಾಳಿಗೆ ಮ್ಯಾಲೆ ಸೀರೆ ಹೆಗಲಿಗೆ ಕಟ್ಕೊಂಡು ಗಿರಗಿರ ತಿರುಗ್ದ. ಎರಡು ಸುತ್ತು ಚೆನ್ನಾಗೇ ತಿರುಗ್ದ. ಮೂರ್ನೇ ಸುತ್ತಿಗೆ ಸೀರೆ ಆಯಪ್ಪನ್ನೇ ಸುತ್ಕೊಂಡ್ಬಿಡ್ತು. ದಬ್ ಅಂತ ನನ್ನ ಸಂಡಿಗೆ ಮ್ಯಾಲೆ!"

"ಪೆಟ್ಟಾತಾ?" ಎಂದು ಅತ್ತೆ ಎದ್ದು ನಿಂತರು.

"ಆಗ್ದೇ ಇರ್ತದಾ? ಒಂದೂ ಉಳಿಲಿಲ್ಲಮ್ಮ. ಮೂರು ಸೇರು ಅಕ್ಕಿ ಸಂಡಿಗೆ!"

ಮಾವನ ಮಂಡಿಯ ಕತೆ ಅಜ್ಜಿ ಆಮೇಲೆ ಹೇಳಿದರು. ಆರು ತಿಂಗಳಲ್ಲಿ ಮೊದಲ ಬಾರಿಗೆ ಅತ್ತೆ ಸೆರಗು ಬಾಯಿಗೊತ್ತಿ ನಕ್ಕರು. ಆಮೇಲೆ ಅದೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಮರುದಿನವೇ ನನ್ನನ್ನು ಮೊಳಕಾಲ್ಮೂರಿಗೆ ಅಟ್ಟಲಾಯಿತು. ಓದಿದವಳು, ಮಾವನಿಗೆ ಬುದ್ಧಿ ಹೇಳಿ ಬರುತ್ತಾಳೆ ಎಂಬುದು ಅವ್ವನ ನಂಬಿಕೆ. ಬಸ್ಸಿನಲ್ಲಿ ನಾಲ್ಕು ವಾಕ್ಯಗಳನ್ನು ಮನಸ್ಸಿನಲ್ಲೇ ರಚಿಸಿಕೊಂಡೆ. ಬಂಡೆಗಳ ಗುಡ್ಡ ಕಾಣಿಸಿಕೊಳ್ಳುವ ವೇಳೆಗೆ ನಾಲ್ಕೂ ಮರೆತುಹೋಗಿದ್ದವು.

ಮಗ್ಗದ ಕೋಣೆಯ ಗೋಡೆಗೆ ಪುಸ್ತಕದ ಪುಟ ನೋಡಿ ಸೀಮೆಸುಣ್ಣದಲ್ಲಿ ಬರೆದ ಒಂದು ಚಿತ್ರವಿತ್ತು. ದೊಡ್ಡದೊಂದು ಹೂವು, ಅದರ ಸುತ್ತ ಗಜದ ಗುರುತುಗಳು. ಮಧ್ಯೆ ಹೆಂಗಸು ಇರಬೇಕಾದ ಕಡೆ ಒಂದು ಚುಕ್ಕೆ. ಮಾವ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕುಳಿತಿದ್ದರು. ನಾನು ನೋಡುತ್ತಾ ನಿಂತೆ. ಅವರು ಬಿಳಿ ಎಳೆಯ ಒಡಲಿನ ಲಾಳಿ ಎಸೆದರು. ಆಮೇಲೆ ಎರಡೂ ಕೈ ಊರಿ, ಊದಿದ ಮಂಡಿಯನ್ನು ಎಳೆದುಕೊಂಡು ಗುಂಡಿಯಿಂದ ಮೇಲೆದ್ದರು. ಮಗ್ಗವನ್ನು ಸುತ್ತಿ ಬಲಗಡೆಗೆ ಹೋದರು. ಅತ್ತೆಯ ಜಾಗದಲ್ಲಿ ಕುಳಿತು ಅಂಚಿನ ಲಾಳಿ ಎಸೆದರು. ಮತ್ತೆ ಎದ್ದು, ಸುತ್ತಿ ಬಂದು, ಗುಂಡಿಗೆ ಇಳಿದರು. ಅಷ್ಟಕ್ಕೆ ಬಟ್ಟೆ ಬೆಳೆದದ್ದು ಒಂದು ಎಳೆ!

"ಮಾವ, ಇದೇನು ಮಾಡುತ್ತಿದ್ದೀರಿ?"

"ಕಾಣ್ಸಲ್ವಾ? ಪ್ರದಕ್ಷಿಣೆ" ಎಂದರು. "ದಿನಕ್ಕೆ ಅರ್ಧ ಗೇಣು ಆಗ್ತೈತೆ. ಆದ್ರೆ ಪಾಪ, ಇದು ಹಾರ್ತಾ ಇಲ್ಲ. ಆರು ಗಜ ಕುಯ್ದು ಕಟ್ಕಂಡು ನೋಡ್ದೆ. ಅಂಚಿನ ಜರಿ ಭಾರ. ನೆಲ ಗುಡಿಸ್ತೈತೆ."

ಸಮಸ್ಯೆ ನನ್ನಂಥವಳಿಗೂ ಅರ್ಥವಾಗುವಷ್ಟು ಸರಳವಾಗಿತ್ತು. "ಹಾಗಾದರೆ ಅಂಚಿಲ್ಲದೆ ನೇಯಿರಿ. ಆ ನರ್ತಕಿಯ ಬಟ್ಟೆಗೂ ಅಂಚಿರಲಿಲ್ಲವಲ್ಲ. ಒಂದೇ ಲಾಳಿ ಸಾಕು, ನೀವೊಬ್ಬರೇ ನೇಯಬಹುದು."

ಮಾವ ನನ್ನನ್ನು ದಿಟ್ಟಿಸಿದರು. ಪದವಿಯವರೆಗೆ ಓದಿಯೂ ಇಷ್ಟು ತಿಳಿಯದೇ ಎಂಬ ನೋಟ ಅದು.

"ಅಂಚಿಲ್ದಿರಾ ಬಿಳಿ ಬಟ್ಟೆ ಯಾತಕ್ಕೆ ನೇಯ್ತಾರೆ ಗೊತ್ತಾ? ಹೆಣಕ್ಕೆ. ಮುತ್ತೈದೆ ಮೈಮ್ಯಾಲೆ ಅದು ಬರಂಗಿಲ್ಲ." ಲಾಳಿಯನ್ನು ಕೈಯಲ್ಲಿ ಒಮ್ಮೆ ತಿರುಗಿಸಿದರು. "ಅದೂ ಇರ್ಲಿ. ಅಂಚಿಲ್ದಂಗೆ ನೇಯಾಕೆ ಕಲ್ತುಬಿಟ್ರೆ ನಿಮ್ಮತ್ತೆ ಜಾಗ ಯಾವ್ದು, ಹೇಳು? ಯಾತಕ್ಕೆ ಬಾ ಅಂತ ಕರೀಲಿ ಅವಳ್ನ?"

ನಾನು ಅಲ್ಲಿ ಇದ್ದ ಮುದ್ದೆ ಉಂಡು, ಅವರ ಮಂಡಿಗೆ ಬಿಸಿ ಎಣ್ಣೆ ಹಚ್ಚಿ, ಸಂಜೆಯ ಬಸ್ಸಿಗೆ ಚಳ್ಳಕೆರೆಗೆ ಬಂದೆ. ಕಂಡದ್ದನ್ನು, ಕೇಳಿದ್ದನ್ನು, ಹೆಚ್ಚು ಕಡಿಮೆ ಮಾಡದೆ ಅತ್ತೆಗೆ ವರದಿ ಮಾಡಿದೆ. ಮಗ್ಗ ಸುತ್ತುವುದನ್ನು ಎದ್ದು ಕುಂಟಿ ತೋರಿಸಿಯೂ ಬಿಟ್ಟೆ. ಅವ್ವ ನಕ್ಕಳು. ಅತ್ತೆ ನಗಲಿಲ್ಲ. "ಬಲಗಡೆ ಕುಂತಾಗ ಎಡ್ಗೈನಾಗೆ ಎಸೀತಾರಾ, ಬಲ್ಗೈನಾಗಾ?" ಎಂದು ಮಾತ್ರ ಕೇಳಿದರು.

"ಎಡಗೈಯಲ್ಲಿ."

"ಎಲ್ಲಾ ಹಾಳು ಮಾಡ್ತಾರೆ" ಎಂದರು.

ಬೆಳಗ್ಗೆ ನಾನು ಏಳುವ ವೇಳೆಗೆ ಅತ್ತೆ ಒಂದೇ ಕೈಯಲ್ಲಿ ಬಟ್ಟೆ ಗಂಟು ಕಟ್ಟಲು ಹೆಣಗುತ್ತಿದ್ದರು. "ಅತ್ಗೆ, ಮೊದ್ಲ ಬಸ್ಸು ಎಷ್ಟೊತ್ತಿಗೆ?" ಎಂದು ಅವ್ವನನ್ನು ಕೇಳಿದರು. "ಇರಾಕೆ ಹೋಗಲ್ಲ. ರೇಷ್ಮೆ ಹಾಳಾಗ್ತೈತೆ, ನೋಡಿ ಬರ್ತೀನಿ." ಅವ್ವ ಗಂಟಿನ ಇನ್ನೊಂದು ತುದಿ ಹಿಡಿದುಕೊಂಡಳು.

ಅತ್ತೆಯನ್ನು ಕರೆದುಕೊಂಡು ಹೋದವಳೂ ನಾನೇ. ಗಂಡಹೆಂಡತಿ ಆರು ತಿಂಗಳ ಮೇಲೆ ತಮ್ಮ ಮನೆಯಲ್ಲಿ ಒಬ್ಬರನ್ನೊಬ್ಬರು ಕಂಡ ಆ ಘಳಿಗೆಯಲ್ಲಿ ಮರೆಯಾಗಿ ನಿಲ್ಲುವುದು ಉಚಿತವೆಂದು ನಾನು ಬಾಗಿಲ ಹಿಂದೆ ಸರಿದೆ. ಸರಿಯಬೇಕಾದ ಅಗತ್ಯವೇ ಇರಲಿಲ್ಲ.

"ಹಾರಾ ಬಟ್ಟೆಗೆ ಯಾರಾದ್ರೂ ಜರಿ ಅಂಚು ಹಾಕ್ತಾರೇನ್ರಿ? ಬುದ್ಧಿ ಎಲ್ಲೈತೆ ನಿಮ್ಗೆ?"

"ಅಂಚಿಲ್ದೆ ನನ್ ಕೈಲಾಗಲ್ಲ ಕಣೇ."

"ಹೊಸ ಬಟ್ಟೆ ಉಡೋಕೆ ಮುಂಚೆ ಮೂಲೆಗೆ ಅರಿಶಿನ ಮುಟ್ಟಿಸ್ತೀವಾ ಇಲ್ವಾ? ಮೂಲೆಗೆ ಮುಟ್ಟಿಸಾದನ್ನ ಸುತ್ತಾ ಮುಟ್ಟಿಸಿದ್ರೆ ಆತು. ಅರಿಶಿನಕ್ಕೆ ಭಾರ ಐತಾ?"

ಮಾವ ಕೈಯಲ್ಲಿದ್ದ ಲಾಳಿಯನ್ನು ಕೆಳಗಿಟ್ಟರು.

"ನೀವು ಬರೀ ಒಡಲು ನೇಯ್ರಿ. ಅಂಚು ನಾನು ಹಾಕ್ತೀನಿ."

ಅತ್ತೆ ಆ ದಿನ ಹಿಂದಿರುಗಲಿಲ್ಲ. ಆ ವಾರವೂ ಹಿಂದಿರುಗಲಿಲ್ಲ. ಮಾವ ಒಂದೇ ಲಾಳಿಯಲ್ಲಿ ಸಪೂರ ರೇಷ್ಮೆಯನ್ನು ನೇಯ್ದರು. ಅತ್ತೆ ಎಡಗೈಯಲ್ಲಿ ರಾಟೆ ತಿರುಗಿಸಿ ನೂಲು ಸುತ್ತಿಕೊಟ್ಟರು. ನಲವತ್ತು ಗಜ ಮುಗಿಯುವ ಹೊತ್ತಿಗೆ ನನ್ನ ಪರೀಕ್ಷೆಗಳೂ ಮುಗಿದಿದ್ದವು. 'ಅರ್ಜೆಂಟಿಲ್ಲ' ಎಂದಿದ್ದ ಸಾಹೇಬರೇ ಒಂದು ವಾರ ಬೇರೆ ಕೆಲಸ ಬದಿಗಿಟ್ಟು ಅದನ್ನು ಹೊಲಿದರು. ಅಳತೆ ಯಾರದೆಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ನಾನು ಅದನ್ನು ಮೊಳಕಾಲ್ಮೂರಿಗೆ ಒಯ್ದೆ. ಅಷ್ಟೆಲ್ಲ ಬಟ್ಟೆ ಒಂದು ಸಣ್ಣ ಕೈಚೀಲದಲ್ಲಿ ಹಿಡಿಸಿತ್ತು. ಅತ್ತೆ ಪರಾತದಲ್ಲಿ ಅರಿಶಿನ ಕದಡಿ, ನೆಲದಲ್ಲಿ ಕುಳಿತು, ಅಂಚನ್ನು ಗೇಣು ಗೇಣಾಗಿ ಅದ್ದುತ್ತಾ ಹೋದರು. ಒಣಗುವವರೆಗೆ ಮನೆಯೆಲ್ಲ ಹಬ್ಬದ ವಾಸನೆ.

ಮೇಷ್ಟ್ರ ಪುಸ್ತಕದಲ್ಲಿ ಒಂದು ಸಾಲಿತ್ತು. ನಾನು ನಿಘಂಟು ಇಟ್ಟುಕೊಂಡು ಬಿಡಿಸಿ ಹೇಳಿದ್ದೆ. ಆ ನರ್ತಕಿಯರು ತೋಳಿನೊಳಗೆ ಎರಡು ಉದ್ದನೆಯ ಕೋಲು ಹಿಡಿದಿರುತ್ತಿದ್ದರಂತೆ. ಕೈ ಎತ್ತುವುದು ಸ್ವಲ್ಪ, ಉಳಿದದ್ದನ್ನು ಕೋಲು ಎತ್ತುತ್ತದೆ. ಮಾವ ಬಿದಿರನ್ನು ಸೀಳಿ, ಕಾಯಿಸಿ, ಬಾಗಿಸಿ ಎರಡು ಕೋಲು ಮಾಡಿಟ್ಟಿದ್ದರು.

ಸಂಜೆ ಮಾಳಿಗೆ ಹತ್ತಿದೆವು. ಗುಡ್ಡದ ಬಂಡೆಗಳೆಲ್ಲ ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ಬಟ್ಟೆಯನ್ನು ಹಾಕಿಕೊಳ್ಳಲು ಮಾವ ತಾವೇ ಮುಂದಾದರು.

"ಬ್ಯಾಡ. ಇರೋದು ಇನ್ನೊಂದೇ ಮಂಡಿ" ಎಂದರು ಅತ್ತೆ.

ಇಬ್ಬರೂ ನನ್ನತ್ತ ನೋಡಿದರು. ನಾನು ಪದವೀಧರೆಯಾಗಲಿರುವವಳು, ಮಾಳಿಗೆಯ ಮೇಲೆ ಕುಣಿಯುವುದು ಶೋಭಿಸದು ಎಂದು ಏನೋ ಬಡಬಡಿಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

"ಕೊಡ್ರಿ ಇಲ್ಲಿ" ಎಂದರು ಅತ್ತೆ.

ಕೊರಳಿಗೆ ತೂರಿಸಲು ನಾನು ನೆರವಾದೆ. ಬಲಗೈಗೆ ಕೋಲನ್ನು ಕೊಟ್ಟವರು ಮಾವ. ಒಂದೊಂದು ಬೆರಳನ್ನೂ ಬಿಡಿಸಿ, ಅದರ ಮೇಲೆ ಕೂರಿಸಿ ಕೊಟ್ಟರು. ಅತ್ತೆ ಎಡಗೈ ಎತ್ತಿದರು. ಬಲಗೈ ಎದೆಯವರೆಗೆ ಬಂದು ನಿಂತಿತು. ಅಷ್ಟೇ ಬಂದದ್ದು. ಆದರೆ ಕೋಲಿನ ತುದಿ ತಲೆಯ ಮೇಲೆ ಹೋಗಿತ್ತು.

ಗಾಳಿ ಬಂತು.

ಅದನ್ನು ಹೇಗೆ ವರ್ಣಿಸಲಿ? ನಲವತ್ತು ಗಜ ರೇಷ್ಮೆ ಒಂದೇ ಸಲಕ್ಕೆ ನೆಲ ಬಿಟ್ಟಿತು. ನೀರು ಕಾಣದ ಆ ಊರಿನ ಮಾಳಿಗೆಯ ಮೇಲೆ ಅಲೆಯೊಂದು ಎದ್ದು, ನಿಂತು, ಬೀಳಲು ಮನಸ್ಸಿಲ್ಲದೆ ತೂಗಾಡಿತು. ಅತ್ತೆ ಒಂದು ಹೆಜ್ಜೆ ತಿರುಗಿದರು. ಸುತ್ತಲಿನ ಅರಿಶಿನದ ಗೆರೆ ಅವರ ಹಿಂದೆ ಓಡಿತು. ಇನ್ನೊಂದು ಹೆಜ್ಜೆ. ಸಂಜೆಯ ಬೆಳಕು ಬಟ್ಟೆಯೊಳಗೆ ಹೊಕ್ಕು ಹೊರಗೆ ಬರುವ ದಾರಿ ಮರೆಯಿತು. ನಲವತ್ತೈದು ವರ್ಷದ, ತಲೆ ಬಾಚಿಕೊಳ್ಳಲಾಗದ ಹೆಂಗಸು ಅದರೊಳಗೆ ಎಲ್ಲಿದ್ದರೋ ಕಾಣದಾಯಿತು.

ಮಾವ ಒಂದು ಹೆಜ್ಜೆ ಮುಂದೆ ಬಂದರು. ಅವರ ದನಿಯಲ್ಲಿ ಗಾಬರಿಯಿತ್ತು.

"ಎಲ್ಲಿದ್ದೀಯೇ?"

"ಇಲ್ಲೇ ಅದೀನಿ ಕಣ್ರಿ" ಎಂದಿತು ಬಟ್ಟೆ.

"ಕೈ?"

"ನೋಯ್ತೈತೆ."

"ಹಂಗಾರೆ ನಿಲ್ಸು. ಸಾಕು ನಿಲ್ಸು."

"ಸುಮ್ನಿರ್ರಿ. ಈಗ ಗಾಳಿ ಐತೆ."

ಮಾವ ಒಂದು ಹೆಜ್ಜೆ ಹಿಂದೆ ಸರಿದು ಬಟ್ಟೆಗೆ ಜಾಗ ಬಿಟ್ಟರು. ಆಮೇಲೆ ಪ್ಯಾರಿಸ್ಸಿನ ಆಕೆಯ ವಿಷಯವನ್ನು ಅವರು ಎತ್ತಿದ್ದೇ ಇಲ್ಲ. ಮೇಷ್ಟ್ರ ಪುಸ್ತಕವನ್ನು ಮರುದಿನವೇ ನನ್ನ ಕೈಯಲ್ಲಿ ಹಿಂದಕ್ಕೆ ಕಳುಹಿಸಿದರು.

ಅನಂತರ ನಮ್ಮ ಕುಟುಂಬದಲ್ಲಿ ಆದ ಬದಲಾವಣೆಗಳನ್ನು ಹೇಳಿ ಮುಗಿಸುತ್ತೇನೆ. ಅತ್ತೆಯ ಕೈ ಪೂರ್ತಿ ಗುಣವಾಗಲಿಲ್ಲ. ದಿನಾ ಸಂಜೆ ಮಾಳಿಗೆ ಹತ್ತಿ ಆಡಿಸಿದ್ದರಿಂದ ಕಿವಿಯ ಮಟ್ಟದವರೆಗೆ ಏಳತೊಡಗಿತು. ಮೂರು ಲಾಳಿಯ ಸೀರೆ ನಮ್ಮ ಮನೆತನದಲ್ಲಿ ಅಲ್ಲಿಗೆ ನಿಂತಿತು. ಮಾವ ಈಗ ಒಂದು ಲಾಳಿಯ ಸಾದಾ ರೇಷ್ಮೆ ನೇಯುತ್ತಾರೆ, ಅತ್ತೆ ನೆಲದಲ್ಲಿ ಕುಳಿತು ಅದಕ್ಕೆ ಬಣ್ಣದ ಅಂಚು ಅದ್ದುತ್ತಾರೆ. ಅತ್ತೆ ಚಳ್ಳಕೆರೆಗೆ ಹಬ್ಬಕ್ಕೆ ಬರುತ್ತಾರೆ. ಕರೆಯುವವರು ಬರುವ ಮೊದಲೇ, ಮೂರನೆಯ ದಿನ ಹೊರಟುಬಿಡುತ್ತಾರೆ.